ಕಿಳ್ಳೇಕ್ಯಾತನ ಸೀಮೆಯಲ್ಲಿ ಮಕ್ಕಳ ಪುಸ್ತಕ

1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿಗೆ ಬಂತು. ಅಧ್ಯಕ್ಷರಾಗಿ ಬಂದವರು ಪಂಜೆ ಮಂಗೇಶರಾಯರು. 1874ರಲ್ಲಿ ಬಂಟವಾಳದಲ್ಲಿ ಹುಟ್ಟಿ, ಮೇಷ್ಟ್ರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿದವರು. ತಿರುಗಿದಲ್ಲೆಲ್ಲ ಮಕ್ಕಳ ಮಾತಿಗೆ ಕಿವಿಗೊಟ್ಟವರು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿ, ‘ಗುಡುಗುಡು ಗುಮ್ಮಟ ದೇವರು’ ಎಂಬಂಥ ಹೆಸರು ಕೇಳಿದೊಡನೆ ನಗು ಬರುವ ಕಥೆಗಳನ್ನು ಕನ್ನಡಕ್ಕೆ ಕೊಟ್ಟವರು. ಮುಂದೆ ಕೊಪ್ಪಳ ಜಿಲ್ಲೆಯಾದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಆಗ ಇದೇ ರಾಯಚೂರು ಸೀಮೆಗೆ ಸೇರಿದ್ದವು. ಕನ್ನಡದ ಮಕ್ಕಳ ಸಾಹಿತ್ಯಕ್ಕೆ ತಳಪಾಯ ಹಾಕಿದ ಹಿರಿಯರು ಜಿಲ್ಲೆಯ ಬಾಗಿಲಿಗೇ ಬಂದರು ಎಂಬುದು ದೊಡ್ಡ ಸಂಗತಿ. ಆದರೆ ಅವರ ಪುಸ್ತಕ ಈ ನಾಲ್ಕು ತಾಲ್ಲೂಕಿನ ಹಳ್ಳಿ ಹುಡುಗರ ಕೈಗೆ ಹೋಗುವ ದಾರಿ ಮಾತ್ರ ಆಗ ಇರಲಿಲ್ಲ.

ಕಥೆಗೆ ಈ ಸೀಮೆಯಲ್ಲಿ ಯಾವತ್ತೂ ಬರ ಬಿದ್ದಿಲ್ಲ. ಮಳೆಗೆ ಬಿದ್ದಿದೆ, ಪುಸ್ತಕಕ್ಕೆ ಬಿದ್ದಿದೆ.

ಕಥೆಯ ವಂಶಾವಳಿ ಹುಡುಕುತ್ತ ಹೋದರೆ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳ ನಾಡನ್ನು ಗುರುತಿಸುವಾಗ ಹೇಳುವ ನಾಲ್ಕು ಊರುಗಳಲ್ಲಿ ಕೊಪಣ ಒಂದು. ಅದೇ ಇಂದಿನ ಕೊಪ್ಪಳ. ಅಲ್ಲಿಂದ ಪಡುವಣಕ್ಕೆ ಯಲಬುರ್ಗಾ ದಾಟಿದರೆ ಗದಗ ಜಿಲ್ಲೆಯ ರೋಣ ತಾಲ್ಲೂಕು, ಅದರೊಳಗೆ ಸವಡಿ ಎಂಬ ಊರು. ಕನ್ನಡದಲ್ಲಿ ‘ಪಂಚತಂತ್ರ’ ಬರೆದ ದುರ್ಗಸಿಂಹ ತನ್ನ ಊರೆಂದು ಹೇಳಿಕೊಳ್ಳುವ ಸಯ್ಯಡಿ ಇದೇ ಸವಡಿ ಎಂಬುದು ವಿದ್ವಾಂಸರ ಮಾತು. ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ, ಅಂದರೆ ಸಂಧಿ-ಯುದ್ಧಗಳ ಮಂತ್ರಿಯಾಗಿದ್ದ ಆತ 1031ರ ಸುಮಾರಿಗೆ, ವಸುಭಾಗಭಟ್ಟನ ಪಾಠವನ್ನು ಆಧಾರವಾಗಿಟ್ಟುಕೊಂಡು ಕರಟಕ-ದಮನಕರೆಂಬ ನರಿಗಳಿಗೆ ಕನ್ನಡ ಕಲಿಸಿದ. ಓದು ತಲೆಗೆ ಹತ್ತದ ರಾಜಕುಮಾರರಿಗೆ ಪ್ರಾಣಿಗಳ ಕಥೆ ಹೇಳಿ ಬುದ್ಧಿ ಕಲಿಸುವುದು ಪಂಚತಂತ್ರದ ಚೌಕಟ್ಟು. ಹಾಗೆ ನೋಡಿದರೆ ಹುಡುಗರ ಹೆಸರಿನಲ್ಲಿ ಹೇಳಿದ ಕಥೆಯೊಂದು ಕನ್ನಡ ಗ್ರಂಥವಾದದ್ದು ಯಲಬುರ್ಗಾದ ನೆರೆಯಲ್ಲೇ.

ಇನ್ನೊಂದು ವರ್ಷವನ್ನೂ ನೆನಪಿಡಬೇಕು: 1112. ಆ ವರ್ಷ ಕುಕನೂರಿಗೆ ಸಮೀಪದ ಇಟಗಿಯಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ ಗುಡಿಯನ್ನು ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿತು. ಅದೇ ವರ್ಷ ಗದಗ ಸೀಮೆಯ ಮುಳಗುಂದದಲ್ಲಿ ನಯಸೇನ ‘ಧರ್ಮಾಮೃತ’ ಮುಗಿಸಿದ. ಜೈನಧರ್ಮದ ವ್ರತಗಳನ್ನು ತಿಳಿಸಲು ಹೊರಟ ಆ ಕವಿ ಹದಿನಾಲ್ಕು ಕಥೆ ಹೇಳುತ್ತಾನೆ. ಹೇಳುವಾಗ ಹಳ್ಳಿಯ ಗಾದೆ, ಬೈಗುಳ, ಮೂರ್ಖರ ಪಚೀತಿ ಎಲ್ಲವನ್ನೂ ಎಳೆದು ತರುತ್ತಾನೆ. ಧರ್ಮಬೋಧೆಯ ಪುಸ್ತಕದಲ್ಲಿ ಅಷ್ಟು ನಗು ಇರುವುದು ಅಪರೂಪ. ಈ ಭಾಗದ ಜನ ಬುದ್ಧಿಮಾತನ್ನು ನಗೆಯಿಲ್ಲದೆ ಕೇಳುವುದಿಲ್ಲ ಎಂಬುದನ್ನು ನಯಸೇನ ಚೆನ್ನಾಗಿ ಬಲ್ಲ.

ಈ ಗ್ರಂಥಗಳು ಓದು ಬಲ್ಲ ಕೆಲವರ ಸ್ವತ್ತು. ಮಿಕ್ಕ ಮಕ್ಕಳಿಗೆ ಕಥೆ ಬಂದದ್ದು ತೊಗಲಿನ ಮೇಲೆ.

ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ. ಎಪ್ಪತ್ತು ವರ್ಷಕ್ಕೂ ಮಿಕ್ಕಿ ತೊಗಲುಗೊಂಬೆ ಆಡಿಸಿದ ಕೈ ಅದು. ಊರ ಗುಡಿಯ ಮುಂದಿನ ಬಯಲಿನಿಂದ ಹಿಡಿದು ಹೊರದೇಶಗಳವರೆಗೆ ರಾಮಾಯಣ, ಮಹಾಭಾರತ ಆಡಿದೆ. ಪ್ರಶಸ್ತಿಯ ಸುದ್ದಿಯಲ್ಲಿ ರಾಮ, ರಾವಣ, ಹನುಮಂತರ ಗೊಂಬೆಗಳ ಚಿತ್ರ ಬಂದವು. ಮಕ್ಕಳನ್ನು ನಡುರಾತ್ರಿಯವರೆಗೆ ಎಚ್ಚರ ಇಟ್ಟವನು ಮಾತ್ರ ಬೇರೆಯವನು. ಅವನು ಕಿಳ್ಳೇಕ್ಯಾತ.

ಪರದೆಯ ಮೇಲೆ ಅವನು ಬಂದರೆ ಯಾರೂ ಗುರುತು ಹೇಳಿಕೊಡಬೇಕಿಲ್ಲ. ರಾಮ-ಸೀತೆಯರ ಗೊಂಬೆಗೆ ಮೈತುಂಬ ಬಣ್ಣ, ಒಡವೆ ಇರುವ ಕಡೆಯೆಲ್ಲ ಸಣ್ಣ ಸಣ್ಣ ತೂತು. ಹಿಂದಿನ ದೀಪದ ಬೆಳಕು ಆ ತೂತುಗಳಲ್ಲಿ ಹಾದು ಕಿರೀಟ, ತೋಳಬಂದಿಗಳು ಮಿಣಮಿಣ ಮಿನುಗುತ್ತವೆ. ಕಿಳ್ಳೇಕ್ಯಾತನಿಗೆ ಆ ವೈಭವ ಯಾವುದೂ ಇಲ್ಲ. ಮೈಯೆಲ್ಲ ಕಪ್ಪು, ಕೆದರಿದ ಕೂದಲು, ಮುಂದಕ್ಕೆ ಬಂದ ತುಟಿ, ಉಬ್ಬಿದ ಹೊಟ್ಟೆ, ಒಂದು ಕಡೆ ನಿಲ್ಲದ ಕೈಕಾಲು. ಜೊತೆಗೆ ಹೆಂಡತಿ ಬಂಗಾರಕ್ಕ. ರಾವಣನ ಸಭೆಯ ಗಂಭೀರ ಮಾತಿನ ನಡುವೆ ಇವರಿಬ್ಬರೂ ನುಗ್ಗಿ, ಊರ ಗೌಡನ ಜಿಪುಣತನ, ಸಾಲಗಾರನ ಕಾಟ, ಗಂಡ-ಹೆಂಡಿರ ಜಗಳ ಎಲ್ಲವನ್ನೂ ಅಲ್ಲೇ ಬಯಲಿಗೆ ಹಾಕುತ್ತಾರೆ. ಮಾತಿನಲ್ಲಿ ಪೋಲಿತನವೂ ಇರುತ್ತದೆ; ದೊಡ್ಡವರು ಒಂದಕ್ಕೆ ನಕ್ಕರೆ ಮಕ್ಕಳು ಇನ್ನೊಂದಕ್ಕೆ ನಗುತ್ತಾರೆ. ಯಾರನ್ನು ಎಷ್ಟು ಎಳೆದಾಡಬೇಕು ಎಂಬ ಲೆಕ್ಕ ಆಡಿಸುವವರ ಬಾಯಿಯಲ್ಲಿ ಆ ರಾತ್ರಿಯೇ ಹುಟ್ಟುತ್ತದೆ. ಮುಂದಿನ ಊರಿನಲ್ಲಿ ಅದೇ ಕಥೆ, ಬೇರೆ ನಗೆ.

ಆಡುವ ಸಮುದಾಯಕ್ಕೇ ಈ ವಿದೂಷಕನ ಹೆಸರು ನಿಂತಿದೆ. ರಾಮನ ಹೆಸರಿನಿಂದ ಕರೆಸಿಕೊಳ್ಳಬಹುದಾಗಿದ್ದ ಕಲಾವಿದರನ್ನು ಜನ ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಎಂದೇ ಕರೆದರು. ನಗಿಸುವವನಿಗೆ ಈ ನೆಲ ಕೊಟ್ಟ ಸ್ಥಾನಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಗಂಗಾವತಿ ಕಡೆಯ ನಗೆಗೆ ಇನ್ನೊಂದು ಬೇರಿದೆ. ತುಂಗಭದ್ರೆಯ ಈಚೆ ದಡದಲ್ಲಿ ಆನೆಗೊಂದಿ, ಆಚೆ ದಡದಲ್ಲಿ ಹಂಪಿ. 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನ ಆಸ್ಥಾನದಲ್ಲಿ ತೆನಾಲಿ ರಾಮಕೃಷ್ಣ ಇದ್ದನೆಂದು ಹೇಳುವ ಕಥೆಗಳು ದಕ್ಷಿಣದ ಭಾಷೆಗಳಲ್ಲೆಲ್ಲ ಹಬ್ಬಿವೆ. ಅವುಗಳಲ್ಲಿ ಇತಿಹಾಸ ಎಷ್ಟು, ಕಟ್ಟಿದ್ದು ಎಷ್ಟು ಎಂಬ ವಿಚಾರ ಪಂಡಿತರಿಗಿರಲಿ. ಬೆಕ್ಕಿಗೆ ಕುದಿಯುವ ಹಾಲಿಟ್ಟು, ಅದು ಮುಂದೆ ಹಾಲು ಕಂಡರೆ ಓಡುವಂತೆ ಮಾಡಿ ರಾಜನನ್ನೇ ಬೆಪ್ಪು ಮಾಡಿದವನ ಕಥೆಯನ್ನು ಆನೆಗೊಂದಿಯ ಹುಡುಗ ಕೇಳುವುದೇ ಬೇರೆ. ಅವನಿಗೆ ಆ ಅರಮನೆ ಎಲ್ಲೋ ದೂರದ್ದಲ್ಲ, ಹರಿಗೋಲು ಹತ್ತಿದರೆ ಸಿಗುವ ಕಲ್ಲುಗಳು. ಅಂಜನಾದ್ರಿಯ ಮಂಗಗಳಂತೂ ರಾಮಾಯಣದ ಪಾಠವನ್ನು ದಿನವೂ ಕಣ್ಣೆದುರೇ ಆಡಿ ತೋರಿಸುತ್ತವೆ.

ಮತ್ತೆ ಅಜ್ಜಿಯರು. ಜೋಳದ ರಾಶಿ ಕಾಯುವ ರಾತ್ರಿ, ಕಣದಲ್ಲಿ ಕಂಬಳಿ ಹೊದ್ದು ಕೇಳಿದ ಗುಬ್ಬಕ್ಕ-ಕಾಗಕ್ಕ, ಮೋಸ ಮಾಡುವ ನರಿ, ಅತ್ತೆಗೆ ಬುದ್ಧಿ ಕಲಿಸಿದ ಜಾಣ ಸೊಸೆ, ಒಡಪು ಬಿಡಿಸಿ ರಾಜಕುಮಾರಿಯನ್ನು ಗೆದ್ದ ಕುರುಬರ ಹುಡುಗ. ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಕೆತ್ತಿ, ಹುಣಸೆಬೀಜದ ಅಂಟು ಬಳಿದು, ಬಣ್ಣ ಹಚ್ಚಿದ ಗೊಂಬೆಗಳು ಕೈಯಲ್ಲಿ. ಕಿವಿಗೆ, ಕಣ್ಣಿಗೆ, ಕೈಗೆ ಬೇಕಾದದ್ದೆಲ್ಲ ಇತ್ತು. ಓದುವುದಕ್ಕೆ ಅಚ್ಚಾದ ಹಾಳೆ ಇರಲಿಲ್ಲ.

ಯಾಕಿರಲಿಲ್ಲ ಎಂಬುದಕ್ಕೆ ಉತ್ತರ ಹಳೆಯ ಭೂಪಟದಲ್ಲಿದೆ. ಕೊಪ್ಪಳ, ಯಲಬುರ್ಗಾ ಹೈದರಾಬಾದು ಸಂಸ್ಥಾನದೊಳಗೆ ಸಾಲಾರ್ ಜಂಗರ ಜಹಗೀರು. ಕುಷ್ಟಗಿ, ಗಂಗಾವತಿಯೂ ನಿಜಾಮರದೇ ಆಳ್ವಿಕೆ. ಪಡುವಣಕ್ಕೆ ಗದಗ, ಮುಂಡರಗಿ, ರೋಣ. ಬಡಗಣಕ್ಕೆ ಹುನಗುಂದ, ಇಳಕಲ್ಲು: ಇವೆಲ್ಲ ಮುಂಬಯಿ ಪ್ರಾಂತ್ಯ. ತೆಂಕಣಕ್ಕೆ ಹೊಳೆ ದಾಟಿದರೆ ಬಳ್ಳಾರಿ, ಮದರಾಸು ಪ್ರಾಂತ್ಯ. ಮೂರು ಸರ್ಕಾರಗಳ ಎಲ್ಲೆ ಸೇರುವ ಮೂಲೆಯಲ್ಲಿ ಈ ನಾಲ್ಕು ತಾಲ್ಲೂಕು. ಮಂಗಳೂರಿನಲ್ಲಿ ಪಂಜೆ, ಪುತ್ತೂರಿನಲ್ಲಿ ಶಿವರಾಮ ಕಾರಂತರು, ಮೈಸೂರು ಸೀಮೆಯಲ್ಲಿ ಕುವೆಂಪು, ಜಿ.ಪಿ. ರಾಜರತ್ನಂ ಮಕ್ಕಳಿಗಾಗಿ ಬರೆಯುತ್ತಿದ್ದ ಕಾಲವದು. 1936ರಲ್ಲಿ ಕಾರಂತರ ‘ಬಾಲಪ್ರಪಂಚ’ ಮೂರು ಸಂಪುಟಗಳಲ್ಲಿ ಬಂತು. ಅಲ್ಲೆಲ್ಲ ಪುಸ್ತಕ ಮಗುವನ್ನು ಮುಟ್ಟಿದ್ದು ಶಾಲೆಯ ಮೂಲಕ. ಇಲ್ಲಿ ಕೆಳಗಿನ ಕೆಲವು ತರಗತಿ ದಾಟಿದ ಮೇಲೆ ಶಾಲೆಯೇ ಉರ್ದುವಿನದ್ದು. ಖಾಸಗಿ ಶಾಲೆ ತೆರೆಯಬೇಕೆಂದರೆ ಸರ್ಕಾರದ ಅಪ್ಪಣೆ ಬೇಕು.

ಉರ್ದುವನ್ನು ದೂರಿ ಪ್ರಯೋಜನವಿಲ್ಲ. ಮಕ್ಕಳ ಸಾಹಿತ್ಯದಲ್ಲಿ ಅದು ಬಡಭಾಷೆ ಆಗಿರಲಿಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಲಾಹೋರಿನಿಂದ ‘ಫೂಲ್’ ಎಂಬ ಮಕ್ಕಳ ವಾರಪತ್ರಿಕೆ ಹೊರಡುತ್ತಿತ್ತು. ಆದರೆ ಮನೆಯಲ್ಲಿ ಕನ್ನಡ ಆಡುವ ಒಕ್ಕಲು ಮಕ್ಕಳಿಗೆ ಉರ್ದು ನೌಕರಿಯ ಭಾಷೆ, ಕಚೇರಿಯ ಭಾಷೆ. ಅದರಲ್ಲಿ ಪಾಸಾಗುವುದೇ ದೊಡ್ಡದು. ನಗುವ ಮಟ್ಟಕ್ಕೆ ಕಲಿತವರು ಕೆಲವರೇ. ಒಂದು ಭಾಷೆಯಲ್ಲಿ ಮಗು ತಾನಾಗಿಯೇ ನಗಬೇಕಾದರೆ ಆ ಭಾಷೆ ಒಳಗೆ ಇಳಿದಿರಬೇಕು. ಹಾಗಾಗಿ ಎರಡು ಮೂರು ತಲೆಮಾರು ಶಾಲೆಯನ್ನು ನಗೆಯಿಲ್ಲದ ಜಾಗವೆಂದೇ ತಿಳಿಯಿತು. ಕುಕನೂರಿನ ವಿದ್ಯಾನಂದ ಗುರುಕುಲ, ರಾಯಚೂರಿನಲ್ಲಿ ಪಂಡಿತ ತಾರಾನಾಥರ ಹಮ್‌ದರ್ದ್ ಶಾಲೆಯಂಥ ಕೆಲವು ಸಂಸ್ಥೆಗಳು ಆ ಕಾಲದಲ್ಲಿ ಮಾಡಿದ ಕೆಲಸದ ಬೆಲೆ ಇದರಿಂದ ತಿಳಿಯುತ್ತದೆ.

ಈ ಕತ್ತಲೆಯನ್ನು ಸೀಳಿಕೊಂಡು ಬಂದವರಲ್ಲಿ ಒಬ್ಬರು ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದ ಸಿದ್ದಯ್ಯ ಪುರಾಣಿಕರು. ಹುಟ್ಟಿದ್ದು 1918ರಲ್ಲಿ, ಪಂಜೆಯವರು ರಾಯಚೂರಿಗೆ ಬಂದ ವರ್ಷ ಹದಿನಾರರ ಹುಡುಗ. ತಂದೆ ಕಲ್ಲಿನಾಥಶಾಸ್ತ್ರಿಗಳು ಪುರಾಣ-ಪ್ರವಚನದ ವಿದ್ವಾಂಸರು. ಮಗ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದು ಮಾಧ್ಯಮದಲ್ಲಿ ಓದಿ, ಸರ್ಕಾರಿ ನೌಕರಿ ಹಿಡಿದು, ಮುಂದೆ ಐಎಎಸ್ ಅಧಿಕಾರಿಯಾದವರು. ‘ಕಾವ್ಯಾನಂದ’ ಹೆಸರಿನಲ್ಲಿ ಬರೆದ ಗಂಭೀರ ಕವಿ, ವಚನಕಾರ. 1987ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ. ಇಷ್ಟೆಲ್ಲ ಆಗಿಯೂ ಅವರು ಮಕ್ಕಳಿಗಾಗಿ ‘ತುಪ್ಪಾ ರೊಟ್ಟಿ ಗೇ ಗೇ ಗೇ’ ಬರೆದರು, ‘ಗಿಲ್ ಗಿಲ್ ಗಿಲಗಚ್ಚಿ’ ಬರೆದರು.

ಈ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಿನೋಡಿದರೆ ಸಾಕು. ಅವುಗಳಲ್ಲಿ ಕಚೇರಿಯ ಸೋಂಕು ಇಲ್ಲ, ಉಪದೇಶದ ಭಾರ ಇಲ್ಲ. ಮಗುವಿನ ಬಾಯಿಗೆ ರುಚಿಸುವ ಸದ್ದಿದೆ, ಕುಣಿತವಿದೆ. ಕಡತಗಳಿಗೆ ಸಹಿ ಹಾಕುತ್ತಿದ್ದ ಕೈ ಇದನ್ನು ಬರೆಯಲು ಸಾಧ್ಯವಾದದ್ದು ದ್ಯಾಂಪುರದಲ್ಲಿ ಕೇಳಿದ ಮಾತು ಆ ಮನುಷ್ಯನಲ್ಲಿ ಬತ್ತದೆ ಉಳಿದಿದ್ದರಿಂದ. ಕೊಪ್ಪಳ ಜಿಲ್ಲೆ ಪುರಾಣಿಕರನ್ನು ನೆನೆಯುವಾಗ ಕವಿ, ಆಡಳಿತಗಾರ ಎಂದು ನೆನೆಯುತ್ತದೆ. ಮಕ್ಕಳ ಕವಿ ಎಂಬ ಮಾತು ಕೊನೆಗೆ ಬರುತ್ತದೆ. ಅದು ಮೊದಲಿಗೆ ಬರಬೇಕು.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಈ ತಾಲ್ಲೂಕುಗಳು ಕನ್ನಡ ರಾಜ್ಯದೊಳಗೆ ಬಂದವು. ಶಾಲೆಯಲ್ಲಿ ಕನ್ನಡ ಬಂದರೂ ಪಠ್ಯ ಬಿಟ್ಟು ಬೇರೆ ಪುಸ್ತಕ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ಆ ಖಾಲಿ ಜಾಗವನ್ನು ಮೊದಲು ತುಂಬಿದ್ದು ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿ. 1949ರಲ್ಲಿ ಮದರಾಸಿನಿಂದ ಕನ್ನಡದಲ್ಲಿ ಹೊರಡಲಾರಂಭಿಸಿದ ‘ಚಂದಮಾಮ’ ತಿಂಗಳಿಗೊಮ್ಮೆ ಬೇತಾಳನನ್ನು ಹೊತ್ತು ತಂದಿತು. ಶಂಕರ್ ಬರೆದ ಆ ಚಿತ್ರ, ರಾಜನ ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಹಿಂದೆ ಸ್ಮಶಾನ, ಒಂದಿಡೀ ತಲೆಮಾರಿನ ಕಣ್ಣಿನಲ್ಲಿ ಕೂತಿದೆ. ಬೇತಾಳ ಕೊನೆಗೆ ಕೇಳುವ ಪ್ರಶ್ನೆಗೆ ಉತ್ತರ ಓದುವ ಮೊದಲು ಪುಸ್ತಕ ಮುಚ್ಚಿ ತಾವೇ ಯೋಚಿಸಿದ ಮಕ್ಕಳು ಓದುಗರಾದರು. ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ ತಿಂಗಳಿಗೊಂದರಂತೆ ಹನ್ನೆರಡು ಸಂಪುಟಗಳಲ್ಲಿ ಬಂದಾಗ, ಅದನ್ನು ತರಿಸಿದ ಶಾಲೆಯ ಬೀರುವಿಗೆ ವರ್ಷಪೂರ್ತಿ ಕೆಲಸ ಸಿಕ್ಕಿತು. ಬೀರುವಿನ ಬೀಗದ ಕೈ ಹೆಡ್‌ಮೇಷ್ಟ್ರ ಜೇಬಿನಲ್ಲೇ ಉಳಿದ ಶಾಲೆಗಳೂ ಉಂಟು. ಪುಸ್ತಕ ಹರಿದರೆ ಯಾರು ಲೆಕ್ಕ ಕೊಡಬೇಕು ಎಂಬ ಭಯ ಅದಕ್ಕೆ ಕಾರಣ.

ಹರೆಯಕ್ಕೆ ಕಾಲಿಟ್ಟ ಹುಡುಗರ ಪಾಡು ಬೇರೆ. ಎಂಟು ಹತ್ತು ವರ್ಷದವರಿಗೆ ಬೇತಾಳನಾದರೂ ಇದ್ದ. ಹದಿನಾಲ್ಕರವರಿಗೆಂದೇ ಬರೆದ ಕನ್ನಡ ಪುಸ್ತಕ ಬೆರಳೆಣಿಕೆಯಷ್ಟು. ಅವರು ದೊಡ್ಡವರ ಪುಸ್ತಕಕ್ಕೆ ಕೈ ಹಾಕಿದರು. ನಾಲ್ಕನೇ ತರಗತಿಯವರೆಗಷ್ಟೇ ಓದಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಹೊಲದ ಬದುವಿನಲ್ಲಿ, ದನ ಕಾಯುವಾಗ, ಪಠ್ಯಪುಸ್ತಕದ ನಡುವೆ ಅಡಗಿ ಓದಿಸಿಕೊಂಡ. ಪಂಡಿತರು ಅವುಗಳನ್ನು ಸಾಹಿತ್ಯವೆಂದು ಎಣಿಸಲಿಲ್ಲ. ಆದರೆ ಓದು ಬಾರದವರ ಮನೆಯಲ್ಲಿ ಓದಿನ ಚಟ ಹುಟ್ಟಿಸಿದ ಕೀರ್ತಿ ಆ ಅಗ್ಗದ ಕಾಗದದ ಪುಸ್ತಕಗಳಿಗೆ ಸಲ್ಲಲೇಬೇಕು. 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾದ ‘ಕಸ್ತೂರಿ’, 1965ರಲ್ಲಿ ಬಂದ ‘ಸುಧಾ’ ಇದಕ್ಕೆ ಜೊತೆಯಾದವು.

ನಗೆಯ ಪಾಲು ಬೀಚಿಯವರದು. ಬೀಚಿ ಎಂದೇ ಹೆಸರಾದ ರಾಯಸಂ ಭೀಮಸೇನರಾಯರು 1913ರಲ್ಲಿ ಹುಟ್ಟಿದ್ದು ಹರಪನಹಳ್ಳಿಯಲ್ಲಿ, ತುಂಗಭದ್ರೆಯ ಆಚೆ ಬದಿಗೆ. ಪೊಲೀಸ್ ಇಲಾಖೆಯಲ್ಲಿ ನೌಕರಿ. ಕನ್ನಡ ಪುಸ್ತಕವೆಂದರೆ ತಾತ್ಸಾರ ಇದ್ದ ಅವರು ಅ.ನ. ಕೃಷ್ಣರಾಯರ ‘ಸಂಧ್ಯಾರಾಗ’ ಓದಿ ಬದಲಾದ ಕಥೆ ಎಲ್ಲರಿಗೂ ಗೊತ್ತು. ಅವರು ಸೃಷ್ಟಿಸಿದ ತಿಮ್ಮ, ‘ತಿಮ್ಮನ ತಲೆ’, ‘ತಿಮ್ಮ ರಸಾಯನ’ ಮುಂತಾದ ಪುಸ್ತಕಗಳ ಮೂಲಕ, ದೊಡ್ಡವರಿಗಾಗಿ ಹುಟ್ಟಿದರೂ ಹೈಸ್ಕೂಲು ಹುಡುಗರ ಪಾಲಾದ. ಮೇಷ್ಟ್ರಿಗೆ ತಿರುಗಿ ಉತ್ತರ ಕೊಡುವ, ದಡ್ಡನಂತೆ ಕಂಡು ಎದುರಿನವರ ದಡ್ಡತನವನ್ನು ಹೊರಗೆಳೆಯುವ ತಿಮ್ಮನಿಗೂ ಕಿಳ್ಳೇಕ್ಯಾತನಿಗೂ ರಕ್ತಸಂಬಂಧ ಇದೆ. ಒಬ್ಬ ತೊಗಲಿನವನು, ಇನ್ನೊಬ್ಬ ಕಾಗದದವನು. ಬಳ್ಳಾರಿ-ರಾಯಚೂರು ಕಡೆಯ ಮಾತಿನ ವರಸೆ ತಿಮ್ಮನ ಬಾಯಲ್ಲಿ ಅಚ್ಚಾಗಿ ಬಂದದ್ದೇ ಈ ಭಾಗದ ಓದುಗರಿಗೆ ದೊಡ್ಡ ಉಡುಗೊರೆ.

ಆ ಪುಸ್ತಕಗಳ ಫಲ ಕಂಡದ್ದು ಗಂಗಾವತಿಯಲ್ಲಿ. ಬೀಚಿಯವರ ಬರಹವನ್ನು ಅರೆದು ಕುಡಿದ ಗಂಗಾವತಿಯ ಪ್ರಾಣೇಶ್ ಅದನ್ನು ವೇದಿಕೆಗೆ ತಂದರು. ಜನ ಅವರನ್ನು ಅಭಿನವ ಬೀಚಿ ಎಂದು ಕರೆದರು. ಹಾಸ್ಯಸಂಜೆ ಎಂಬುದು ಊರೂರಿನ ಹಬ್ಬದ ಕಾರ್ಯಕ್ರಮವಾಯಿತು. 1993ರಲ್ಲಿ ಕೊಪ್ಪಳದಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಹಲಸಂಗಿ ಗೆಳೆಯರ ಬಳಗದ ಸಿಂಪಿ ಲಿಂಗಣ್ಣನವರು ಅಧ್ಯಕ್ಷರಾಗಿದ್ದರು. ಜನಪದರ ಹಾಡು, ಕಥೆಗಳನ್ನು ಬಾಯಿಂದ ಬಾಯಿಗೆ ಕೇಳಿ ಬರೆದಿಟ್ಟವರು ಅವರು. 2011ರ ಡಿಸೆಂಬರಿನಲ್ಲಿ ಗಂಗಾವತಿಯಲ್ಲೇ 78ನೇ ಸಮ್ಮೇಳನ ನಡೆಯಿತು, ಸಿ.ಪಿ. ಕೃಷ್ಣಕುಮಾರ್ ಅಧ್ಯಕ್ಷರು. ಈ ನಡುವೆ 1997ರಲ್ಲಿ ನಾಲ್ಕೂ ತಾಲ್ಲೂಕು ಸೇರಿ ಕೊಪ್ಪಳ ಜಿಲ್ಲೆ ಆಯಿತು. ಜಿಲ್ಲೆ ಬಂತು, ಸಮ್ಮೇಳನ ಬಂದವು, ನಗೆಯ ಮಾತು ಕ್ಯಾಸೆಟ್ಟಿನಿಂದ ಮೊಬೈಲಿಗೆ ಇಳಿಯಿತು. ಇಲ್ಲಿನ ಮಕ್ಕಳು ಇಂದು ಪ್ರಾಣೇಶರ ಹತ್ತು ನಗೆಹನಿ ಬಾಯಿಪಾಠ ಒಪ್ಪಿಸುತ್ತಾರೆ. ಅವರ ವಯಸ್ಸಿಗೆ, ಅವರ ಊರಿನ ಮಾತಿನಲ್ಲಿ, ಹಿಡಿದು ಓದುವ ನಗೆ ಪುಸ್ತಕ ಎಷ್ಟಿವೆ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ.

ಕನ್ನಡದಲ್ಲಿ ಹೊಸ ಮಕ್ಕಳ ಕಥೆ-ಕಾದಂಬರಿ ಇಲ್ಲದೆ ಇಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಈಚಿನ ಐದು ವರ್ಷದ ಕನ್ನಡ ಪಟ್ಟಿ ನೋಡಿದರೆ ಕ್ಷೇತ್ರ ಎಷ್ಟು ಬದಲಾಗಿದೆ ಎಂಬುದು ಗೊತ್ತಾಗುತ್ತದೆ. 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’, 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’, 2025ರಲ್ಲಿ ಕೆ. ಶಿವಲಿಂಗಪ್ಪ ಹಂದಿಹಾಳರ ‘ನೋಟ್‌ಬುಕ್’. ರಾಜ-ರಾಣಿ, ನೀತಿಪಾಠ ಬಿಟ್ಟು ಓಡಿ ಹೋದ ಹುಡುಗ, ಬಾವಲಿಗಳ ಗುಹೆ, ನೋಟ್‌ಬುಕ್ಕು ಈಗ ಕಥೆಯ ಶೀರ್ಷಿಕೆ. ಬೀಗಾರರ ಪುಸ್ತಕದಲ್ಲಿ ಮಲೆನಾಡಿನ ಸಿದ್ದಾಪುರದ ಕಾಡಿನ ವಾಸನೆ. ವಿಜಯಶ್ರೀಯವರದು ಕುಂದಾಪುರ ಸೀಮೆ. ಲೇಖಕರು ತಮ್ಮ ತಮ್ಮ ಊರಿನ ಮಣ್ಣಿನಿಂದಲೇ ಬರೆಯುತ್ತಿದ್ದಾರೆ. ಇವರಲ್ಲಿ ಕೊಪ್ಪಳಕ್ಕೆ ಹತ್ತಿರದವರು ಬಳ್ಳಾರಿ ಸೀಮೆಯ ಹಂದಿಹಾಳರು, ಅವರೂ ಹೊಳೆಯಾಚೆಯವರೇ.

ಹೊಳೆಯೀಚೆ ಬರೆಯಬೇಕಾದದ್ದು ರಾಶಿ ಬಿದ್ದಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಎಡದಂಡೆ ಕಾಲುವೆಗೆ ಹರಿದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು; ಕುಷ್ಟಗಿ, ಯಲಬುರ್ಗಾ ಮುಗಿಲು ನೋಡುತ್ತ ಉಳಿದವು. ಒಂದೇ ಜಿಲ್ಲೆಯ ಒಂದು ತುದಿಯಲ್ಲಿ ಗದ್ದೆ, ಅಕ್ಕಿ ಗಿರಣಿ. ಇನ್ನೊಂದು ತುದಿಯಲ್ಲಿ ಗುಳೆ. ದೀಪಾವಳಿ ಕಳೆಯುತ್ತಲೇ ಗಂಟುಮೂಟೆ ಕಟ್ಟಿ ಮಂಗಳೂರು, ಗೋವಾ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವ ಮನೆಗಳು, ಅಜ್ಜ-ಅಜ್ಜಿಯ ಹತ್ತಿರ ಉಳಿಯುವ ಅಥವಾ ಜೊತೆಗೇ ಹೊರಡುವ ಮಕ್ಕಳು. ಬೀಜೋತ್ಪಾದನೆಯ ಹೊಲದಲ್ಲಿ ಹೂವಿಗೆ ಹೂವು ತಾಗಿಸುವ ‘ಕ್ರಾಸಿಂಗ್’ ಕೆಲಸಕ್ಕೆ ಬೆಳಗ್ಗೆ ಹೋಗಿ ಆಮೇಲೆ ಸಾಲಿಗೆ ಬರುವ ಹುಡುಗಿ. ಹನ್ನೆರಡಕ್ಕೂ ಹದಿನಾರಕ್ಕೂ ನಡುವಿನ ಮಕ್ಕಳ ಕಾದಂಬರಿಗೆ ಇದಕ್ಕಿಂತ ಜೀವಂತ ವಸ್ತು ಬೇಕೆ? ಇವು ವರದಿಗಳಲ್ಲಿ ಬಂದಿವೆ. ವರದಿಯಲ್ಲಿ ಆ ಹುಡುಗಿ ಒಂದು ಅಂಕಿ. ಕಾದಂಬರಿಯಲ್ಲಿ ಅವಳು ಗೆಳತಿಯೊಡನೆ ಮುನಿಸಿಕೊಳ್ಳುತ್ತಾಳೆ, ಮೇಸ್ತ್ರಿಗೆ ಅಡ್ಡಹೆಸರು ಇಡುತ್ತಾಳೆ, ಬಿದ್ದು ಬಿದ್ದು ನಗುತ್ತಾಳೆ. ಕಷ್ಟದ ಮನೆಯ ಮಕ್ಕಳ ಕಥೆಯೆಂದರೆ ಕಣ್ಣೀರೇ ಇರಬೇಕು ಎಂದು ಬರೆಯುವವರು ಆ ಮಕ್ಕಳ ನಡುವೆ ಒಂದು ಮಧ್ಯಾಹ್ನ ಕೂತರೆ ಸಾಕು, ಬರೆಯುವ ಧಾಟಿ ಬದಲಾದೀತು.

ಭಾಷೆಯ ಮಾತೂ ಇದಕ್ಕೆ ಸೇರಿದೆ. ಕುಷ್ಟಗಿಯ ಹುಡುಗ ಸಾಲಿಗೆ ಹೋಗುತ್ತಾನೆ, ಪುಸ್ತಕದ ಹುಡುಗ ಶಾಲೆಗೆ ಹೋಗುತ್ತಾನೆ. ಇವನು ‘ಯವ್ವಾ’ ಎಂದು ಕೂಗಿದರೆ ಅವನು ‘ಅಮ್ಮಾ’ ಎನ್ನುತ್ತಾನೆ. ನಿರೂಪಣೆ ಶಿಷ್ಟ ಕನ್ನಡದಲ್ಲಿದ್ದರೆ ತೊಂದರೆಯಿಲ್ಲ, ಮಕ್ಕಳು ಅದನ್ನು ಕಲಿಯಲೇಬೇಕು. ನಗೆಯ ಸಂಗತಿ ಹಾಗಲ್ಲ. ಜಗಳ, ಚೇಷ್ಟೆ, ಬೈಗುಳ, ಎದುರುತ್ತರ ಇವು ಮನೆಮಾತಿನಲ್ಲಿ ಮಾತ್ರ ಕಚಗುಳಿ ಇಡುತ್ತವೆ. ಬೀಚಿ ಇದನ್ನು ಅರಿತಿದ್ದರು, ಪುರಾಣಿಕರು ಅರಿತಿದ್ದರು, ನಯಸೇನನೂ ಅರಿತಿದ್ದ.

ಪುಸ್ತಕ ತಲುಪುವ ದಾರಿ ಈಗ ಮೊದಲಿನಷ್ಟು ಕಡಿದಾಗಿಲ್ಲ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್ ಚಿತ್ರಪುಸ್ತಕಗಳನ್ನು ಅಗ್ಗದ ಬೆಲೆಗೆ ಕನ್ನಡಕ್ಕೂ ತಂದಿತು. 2015ರಿಂದ ಅದರ ಸ್ಟೋರಿವೀವರ್ ಜಾಲತಾಣದಲ್ಲಿ ಕಥೆಗಳು ಪುಕ್ಕಟೆ ಸಿಗುತ್ತವೆ, ಯಾರು ಬೇಕಾದರೂ ಅನುವಾದಿಸಬಹುದು. ಇನ್ನೂ ದೊಡ್ಡ ಬದಲಾವಣೆ ಆದದ್ದು ಹಳ್ಳಿಯ ಗ್ರಂಥಾಲಯದಲ್ಲಿ. ಕೋವಿಡ್ಡಿನಿಂದ ಶಾಲೆ ಮುಚ್ಚಿದ್ದಾಗ, 2020ರ ಮಕ್ಕಳ ದಿನಾಚರಣೆಯಂದು, ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್‌ರಾಜ್ ಇಲಾಖೆ ‘ಓದುವ ಬೆಳಕು’ ಆರಂಭಿಸಿತು. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ರಾಜ್ಯದಲ್ಲಿ ಲಕ್ಷಾಂತರ ಮಕ್ಕಳ ಹೆಸರು ನೋಂದಣಿಯಾಯಿತು. ದಿನಪತ್ರಿಕೆ ಓದುವ ಹಿರಿಯರ ಕೋಣೆ ಎನಿಸಿಕೊಂಡಿದ್ದ ಜಾಗ ಮುಂದೆ ‘ಅರಿವು ಕೇಂದ್ರ’ ಎಂಬ ಹೆಸರು ಪಡೆದು, ಗೋಡೆಗೆ ಬಣ್ಣ, ಮಕ್ಕಳಿಗೆ ಮೂಲೆ, ಕೇರಂ ಬೋರ್ಡು ಕಂಡಿತು.

ಅಲ್ಲಿನ ಕಪಾಟಿನಲ್ಲಿ ಏನಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ಮಹಾಪುರುಷರ ಜೀವನಚರಿತ್ರೆ, ಸಾಮಾನ್ಯಜ್ಞಾನ: ದಾನಿಗಳು ಕೊಡುವಾಗಲೂ ಇಲಾಖೆ ಕೊಳ್ಳುವಾಗಲೂ ಕೈ ಮೊದಲು ಹೋಗುವುದು ಇವುಗಳ ಕಡೆಗೇ. ಉಪಯೋಗಕ್ಕೆ ಬರುವ ಪುಸ್ತಕ ಎಂಬ ಮಾತು ಎಲ್ಲರ ಬಾಯಲ್ಲಿದೆ. ಹದಿಮೂರರ ಹುಡುಗ ಪುಸ್ತಕ ಹಿಡಿದು ತನ್ನಷ್ಟಕ್ಕೆ ನಕ್ಕ ಸಂಜೆಗಿಂತ ದೊಡ್ಡ ಉಪಯೋಗ ಗ್ರಂಥಾಲಯಕ್ಕೆ ಬೇರೆ ಯಾವುದಿದೆ? ಖರೀದಿಯ ಪಟ್ಟಿಯಲ್ಲಿ ಕಥೆ, ಕಾದಂಬರಿ, ನಗೆ ಪುಸ್ತಕಕ್ಕೆ ಪಾಲು ಗೊತ್ತುಮಾಡದಿದ್ದರೆ ಬೀರುವಿನ ಬೀಗ ತೆಗೆದೂ ಮಕ್ಕಳು ಒಳಗೆ ಬರುವುದಿಲ್ಲ.

ಗುಳೆಯ ಮಕ್ಕಳ ವಿಷಯವನ್ನು ಇದರಲ್ಲೇ ಸೇರಿಸಿ ಯೋಚಿಸಬೇಕಾಗಿದೆ. ಗ್ರಂಥಾಲಯದ ಸದಸ್ಯತ್ವ ಊರಿಗೆ ಅಂಟಿಕೊಂಡಿರುತ್ತದೆ, ಮಗು ಅಂಟಿಕೊಂಡಿರುವುದಿಲ್ಲ. ಆರು ತಿಂಗಳು ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಳೆಯುವ ಹುಡುಗನಿಗೆ ಅಲ್ಲಿ ಕನ್ನಡ ಪುಸ್ತಕ ಸಿಗುವುದು ಕಷ್ಟ. ಗೋವೆಯಲ್ಲಂತೂ ಸುತ್ತಲಿನ ಭಾಷೆಯೇ ಬೇರೆ. ಲಾರಿ ಹತ್ತುವ ಮುನ್ನ ಅಂಥ ಪ್ರತಿ ಮಗುವಿನ ಚೀಲಕ್ಕೆ ಎರಡು ಕಥೆ ಪುಸ್ತಕ, ಒಂದು ನಗೆ ಪುಸ್ತಕ ಹಾಕಿ ಕಳಿಸುವ ಅಧಿಕಾರವನ್ನು ಅರಿವು ಕೇಂದ್ರದ ಮೇಲ್ವಿಚಾರಕರಿಗೆ ಪಂಚಾಯಿತಿ ಠರಾವು ಮಾಡಿಯೇ ಕೊಡಲಿ. ಯುಗಾದಿಗೆ ಪುಸ್ತಕ ಹರಿದು ಬಂದರೂ, ಬಾರದೆ ಹೋದರೂ ಅದರ ಬೆಲೆಯನ್ನು ಮೇಲ್ವಿಚಾರಕರ ಸಂಬಳದಿಂದ ಹಿಡಿಯದೆ ಪಂಚಾಯಿತಿ ತನ್ನ ಖರ್ಚಿಗೆ ಬರೆದುಕೊಳ್ಳಲಿ.